ಜೊಲ್ಲಿನ ಪುರಾಣ

ಹೆಡ್ಡಿಂಗ್ ನೋಡಿ ಮುಖ ಸಿಂಡರಿಸಿದಿರಾ? ಸಿಂಡರಿಸಿದ್ದರೂ ಬೇಜಾರಿಲ್ಲ ಬಿಡಿ. ಪಾಪ, ಕನ್ನಡದಲ್ಲಿ ಈ ಪದಕ್ಕೆ ಮರ್ಯಾದೆಯೇ ಇಲ್ಲ. ಹುಡುಗಿಯರ ಹಿಂದೆ ಬಿದ್ದವನನ್ನು 'ಜೊಲ್ಲು ಪಾರ್ಟಿ' ಅಂತ ಕಿಚಾಯಿಸ್ತೀವಿ. ಆರು ತಿಂಗಳ ಕೂಸು ಸುರಿಸಿದರೆ ಮಾತ್ರ ಮುದ್ದು, 'ಹಲ್ಲು ಬರ್ತಾ ಇದೆ ಕಣೇ' ಅಂತ ಸಂಭ್ರಮ. ಅದೇ ಕೂಸಿಗೆ ಎಂಟು ವರ್ಷವಾಗಿ, ಆಗಲೂ ಗದ್ದದಿಂದ ಇಳಿದು ಅಂಗಿ ಎದೆಯವರೆಗೆ ಒದ್ದೆಯಾಗುತ್ತಿದ್ದರೆ? ಆಗ ಮುದ್ದು ಅನ್ನುವವರು ಅಮ್ಮ ಒಬ್ಬಳೇ.

ನಾನು ಸ್ಪೀಚ್ ಥೆರಪಿಸ್ಟ್. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಈಗ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಅಂಗವೈಕಲ್ಯವಿರುವ ಮಕ್ಕಳ ತಂಡವೊಂದರಲ್ಲಿ ಕೆಲಸ. ಊರಲ್ಲಿ ಎಲ್ಲರೂ ನನ್ನನ್ನು 'ಮಾತು ಕಲಿಸೋ ಮೇಡಂ' ಅಂದುಕೊಂಡಿದ್ದಾರೆ. ನಿಜ ಹೇಳಬೇಕೆಂದರೆ ನನ್ನ ಅರ್ಧ ವಾರ ಹೋಗುವುದು ಮಾತಿನ ಮೇಲಲ್ಲ, ನುಂಗುವುದರ ಮೇಲೆ. ತಿಂಗಳಿಗೊಮ್ಮೆ ಮಕ್ಕಳ ಡಾಕ್ಟರು, ದಂತವೈದ್ಯೆ, ಇ.ಎನ್.ಟಿ. ಸರ್ಜನ್ ಮತ್ತು ನಾನು ಒಂದೇ ರೂಮಿನಲ್ಲಿ ಕೂತು ಜೊಲ್ಲಿನ ವಿಚಾರವೊಂದನ್ನೇ ನೋಡುತ್ತೇವೆ. ಜೊಲ್ಲಿಗೂ ಒಂದು ಕ್ಲಿನಿಕ್ಕಾ ಅಂತ ನಮ್ಮಪ್ಪ ಫೋನಿನಲ್ಲಿ ನಕ್ಕಿದ್ದರು!

ಈ ಕ್ಲಿನಿಕ್ಕಿಗೆ ಬರುವವರಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳೇ ಹೆಚ್ಚು. ಡೌನ್ ಸಿಂಡ್ರೋಮ್, ತೀವ್ರ ಬೆಳವಣಿಗೆಯ ತೊಂದರೆ, ಹತೋಟಿಗೆ ಬಾರದ ಮೂರ್ಛೆರೋಗ ಇರುವವರೂ ಬರುತ್ತಾರೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 7ರಿಂದ 14 ವರ್ಷದ ಸೆರೆಬ್ರಲ್ ಪಾಲ್ಸಿ ಮಕ್ಕಳನ್ನು ಲೆಕ್ಕ ಹಾಕಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಅದರ ಪ್ರಕಾರ ನೂರಕ್ಕೆ ನಲವತ್ತು ಮಕ್ಕಳಿಗೆ ಜೊಲ್ಲಿನ ತೊಂದರೆ. ಅಂದರೆ ಇದು ಅಪರೂಪದ ಕಾಯಿಲೆಯೇನಲ್ಲ, ಅಪರೂಪ ಏನಿದ್ದರೂ ಇದರ ಬಗ್ಗೆ ಬಾಯಿಬಿಟ್ಟು ಮಾತಾಡುವವರು.

ಸರಿ, ವಿಷಯಕ್ಕೆ ಬರೋಣ. ದೊಡ್ಡವರ ಬಾಯಲ್ಲಿ ದಿನಕ್ಕೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಲಾಲಾರಸ ಹುಟ್ಟುತ್ತದೆ. ನಿಮಗೂ, ನನಗೂ, ಮಿಸ್ ವರ್ಲ್ಡ್‌ಗೂ. ಎಲ್ಲಿ ಹೋಗುತ್ತೆ ಅದು? ನುಂಗುತ್ತೇವೆ. ಎಚ್ಚರವಾಗಿರುವಾಗ ನಿಮಿಷಕ್ಕೆ ಸುಮಾರು ಒಂದು ಸಲ, ನಮಗೇ ಗೊತ್ತಿಲ್ಲದ ಹಾಗೆ. (ಈಗ ನಾನು ಹೇಳಿದ ಮೇಲೆ ನೀವು ನುಂಗಿದಿರಿ, ಹೌದೋ ಅಲ್ವೋ?) ಮುಖ್ಯವಾಗಿ ಮೂರು ಜೊತೆ ಗ್ರಂಥಿಗಳು. ಕಿವಿಯ ಮುಂದೆ ಕೆನ್ನೆಯಲ್ಲಿರುವುದು ಒಂದು ಜೊತೆ, ಮಂಗನಬಾವು ಬಂದಾಗ ಊದಿಕೊಳ್ಳುವುದು ಇವೇ. ಇವುಗಳಿಗೆ ಊಟದ ಹೊತ್ತಿನಲ್ಲಿ ಕೈತುಂಬ ಕೆಲಸ. ದವಡೆಯ ಕೆಳಗೆ ಇನ್ನೊಂದು ಜೊತೆ. ನಾವು ಸುಮ್ಮನೆ ಕೂತಿದ್ದಾಗ ಬಾಯಲ್ಲಿ ಊರುವ ಲಾಲಾರಸದ ಬಹುಪಾಲು ಇವುಗಳದ್ದೇ. ಮೂರನೆಯದು ನಾಲಿಗೆಯ ಅಡಿಯಲ್ಲಿ. ಈ ದವಡೆ ಕೆಳಗಿನ ಗ್ರಂಥಿಯನ್ನು ನೆನಪಲ್ಲಿಡಿ, ಮುಂದೆ ಬೇಕಾಗುತ್ತೆ.

ಅಪ್ಪ ಅಮ್ಮಂದಿರು ನನ್ನ ಮುಂದೆ ಕೂತ ಕೂಡಲೇ ಹೇಳುವ ಮಾತು, "ಇವನಿಗೆ ಜೊಲ್ಲು ಜಾಸ್ತಿ ಬರುತ್ತೆ." ನೋಡಿದರೆ ಹಾಗೇ ಕಾಣುತ್ತದೆ ನಿಜ. ಆದರೆ ನೆದರ್ಲೆಂಡ್ಸಿನ ನೈಮೇಗನ್ ಊರಿನ ಸಂಶೋಧಕರು ಸೆರೆಬ್ರಲ್ ಪಾಲ್ಸಿ ಮಕ್ಕಳ ಲಾಲಾರಸವನ್ನು ಅಳೆದು, ಬೇರೆ ಮಕ್ಕಳದ್ದರ ಜೊತೆ ಹೋಲಿಸಿ 2009ರಲ್ಲಿ ಬರೆದರು: ಹೆಚ್ಚೇನೂ ಇಲ್ಲ. ನಲ್ಲಿ ಎಲ್ಲರ ಮನೆಯಂತೆಯೇ ಸುರಿಯುತ್ತಿದೆ, ಕಟ್ಟಿಕೊಂಡಿರುವುದು ಬಚ್ಚಲು. ತುಟಿ ಪೂರ್ತಿ ಮುಚ್ಚುವುದಿಲ್ಲ, ನಾಲಿಗೆ ಹಿಂದಕ್ಕೆ ತಳ್ಳುವ ಬದಲು ಮುಂದಕ್ಕೆ ತಳ್ಳುತ್ತದೆ, ಕತ್ತು ಮುಂದಕ್ಕೆ ಬಾಗಿರುತ್ತದೆ, ಗಲ್ಲ ಒದ್ದೆಯಾಗಿದ್ದು ಕೆಲವು ಮಕ್ಕಳಿಗೆ ತಿಳಿಯುವುದೇ ಇಲ್ಲ, ನಿಮಿಷಕ್ಕೊಮ್ಮೆ ಆಗಬೇಕಾದ ನುಂಗುವಿಕೆ ಅಪರೂಪಕ್ಕೊಮ್ಮೆ ಆಗುತ್ತದೆ. ಇಷ್ಟು ಸಾಕಲ್ಲ?

ಇದನ್ನು ಇಷ್ಟು ಉದ್ದಕ್ಕೆ ಹೇಳುವುದಕ್ಕೆ ಕಾರಣವಿದೆ. ಔಷಧಿಯೇ ಆಗಲಿ, ಇಂಜೆಕ್ಷನ್ನೇ ಆಗಲಿ, ನಾವು ಕೊಡುವುದೆಲ್ಲ ನಲ್ಲಿ ತಿರುಗಿಸುವ ಚಿಕಿತ್ಸೆ, ಬಚ್ಚಲು ರಿಪೇರಿಯಲ್ಲ. ಬರುತ್ತಿರುವುದು ಸರಿಯಾದ ಪ್ರಮಾಣದ, ಬೇಕಾದ ಲಾಲಾರಸ. ಅದನ್ನು ಕಮ್ಮಿ ಮಾಡಿದಾಗ ಏನೋ ಒಂದು ಬೆಲೆ ತೆರಬೇಕು. ಹಲ್ಲು ಹುಳುಕಾಗದ ಹಾಗೆ ಕಾಯುವುದು, ತುತ್ತು ಜಾರುವಂತೆ ಮಾಡುವುದು ಇದೇ ಲಾಲಾರಸ ತಾನೆ?

ಹಾಗಾದರೆ ಸುಮ್ಮನೆ ಬಿಟ್ಟುಬಿಡಿ ಅನ್ನೋಣವೇ? ಅದೂ ಆಗದು. ಗದ್ದ, ಕತ್ತಿನ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ. ಪುಸ್ತಕ, ಕೀಬೋರ್ಡು, ಮಾತಾಡಲು ಕೊಟ್ಟ ಟ್ಯಾಬ್ಲೆಟ್ಟು ಎಲ್ಲವೂ ಒದ್ದೆ. ಕೆಲವು ಮಕ್ಕಳಲ್ಲಿ ಜೊಲ್ಲು ಮುಂದಕ್ಕೆ ಬರುವ ಬದಲು ಹಿಂದಕ್ಕೆ ಇಳಿಯುತ್ತದೆ. ನಾವು 'ನೆತ್ತಿಗೆ ಹತ್ತಿತು' ಅಂತೀವಲ್ಲ, ಅದು ನಿಜವಾಗಿ ಹೋಗುವುದು ಶ್ವಾಸನಾಳಕ್ಕೆ. ನಾವಾದರೆ ಕೆಮ್ಮಿ ಹೊರಹಾಕುತ್ತೇವೆ. ಈ ಮಕ್ಕಳಲ್ಲಿ ಕೆಲವರು ಕೆಮ್ಮುವುದೂ ಇಲ್ಲ. ಅಂಗಿ ಒಣಗಿಯೇ ಇರುತ್ತದೆ, ಗಂಟಲಲ್ಲಿ ಗೊರಗೊರ ಸದ್ದು, ವರ್ಷಕ್ಕೆ ಎರಡು ಮೂರು ಸಲ ನ್ಯುಮೋನಿಯ. ಅಂಗಿ ಒದ್ದೆ ಮಾಡಿಕೊಳ್ಳುವ ಮಗುವಿಗಿಂತ ಇಂಥ ಮಗುವನ್ನು ನೋಡಿದರೆ ನನಗೆ ಹೆಚ್ಚು ಭಯ.

ಇನ್ನು ನಮ್ಮ ಮನೆಗಳಿಗೆಂದೇ ಇರುವ ಒಂದು ತೊಡಕು: ಎಂಜಲು. ಇಂಗ್ಲಿಷರಿಗೆ ಜೊಲ್ಲು ಅಂದರೆ ಗಲೀಜು, ಅಷ್ಟೇ. ನಮಗೆ ಅದು ಎಂಜಲು ಕೂಡ. ಆ ಮಗು ಮುಟ್ಟಿದ ಆಟದ ಸಾಮಾನನ್ನು ಪಕ್ಕದ ಮಗು ಬಾಯಿಗಿಟ್ಟರೆ ಅದರ ತಾಯಿ ಓಡಿಬರುತ್ತಾಳೆ. ಹಬ್ಬದ ದಿನ ದೇವರ ಮನೆ ಬಾಗಿಲಲ್ಲಿ 'ಅವನನ್ನ ಸ್ವಲ್ಪ ಆ ಕಡೆ ಕೂರಿಸ್ಕೊಳ್ಳಮ್ಮ' ಅನ್ನುತ್ತಾರೆ. ಯಾರದ್ದೂ ಕೆಟ್ಟ ಮನಸ್ಸಲ್ಲ. ಆದರೆ ವರ್ಷಗಟ್ಟಲೆ ಹೀಗಾದಾಗ ಆ ಮಗುವನ್ನು ಎತ್ತಿಕೊಳ್ಳುವ ಕೈಗಳು ಒಂದೊಂದಾಗಿ ಕಮ್ಮಿಯಾಗುತ್ತವೆ. ಜೊಲ್ಲು ಎಷ್ಟು ಮಿಲಿಲೀಟರ್ ಅಂತ ಅಳೆಯಲು ನಮ್ಮಲ್ಲಿ ವಿಧಾನಗಳಿವೆ. 1988ರಲ್ಲಿ ಕೆನಡಾದಲ್ಲಿ ಇಬ್ಬರು ಮಾಡಿದ ಸರಳ ಅಳತೆಪಟ್ಟಿಯನ್ನು ಈಗಲೂ ಬಳಸುತ್ತೇವೆ: ತುಟಿ ಮಾತ್ರ ಒದ್ದೆಯೋ, ಗದ್ದವೋ, ಬಟ್ಟೆಯೋ, ಕೈ ಮತ್ತು ಮೇಜೂ ಸೇರಿಯೋ ಅಂತ. ಎತ್ತಿಕೊಳ್ಳುವ ಕೈಗಳ ಲೆಕ್ಕಕ್ಕೆ ಅದರಲ್ಲಿ ಕಾಲಂ ಇಲ್ಲ.

ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಾಯಿಸಿದ್ದೇನೆ. ಪುಟ್ಟ ಅಂತಲೇ ಕರೆಯೋಣ. ವಯಸ್ಸು ಎಂಟು, ಅಪ್ಪ ಅಮ್ಮ ದಾವಣಗೆರೆ ಕಡೆಯವರು. ಗಾಲಿಕುರ್ಚಿ, ಮಾತಿಲ್ಲ, ಕಣ್ಣಿನಿಂದಲೇ ಆರಿಸಿ ಮಾತಾಡುವ ಕಂಪ್ಯೂಟರ್. ಬುದ್ಧಿ ಮಾತ್ರ ಚುರುಕು, ಕ್ರಿಕೆಟ್ ಸ್ಕೋರು ನನಗಿಂತ ಚೆನ್ನಾಗಿ ಗೊತ್ತು. ದಿನಕ್ಕೆ ಹದಿನಾಲ್ಕು ಬಿಬ್. ಅವನ ಅಮ್ಮ ಒಂದು ಚೀಲದ ತುಂಬ ಒಗೆದು ಮಡಿಸಿದ ಬಿಬ್ ಹೊತ್ತುಕೊಂಡೇ ಬಂದಿದ್ದರು. ಜೊತೆಗೆ ರಜೆಗೆ ಬಂದಿದ್ದ ಅಜ್ಜಿ. ಅಜ್ಜಿ ಕೂತವರೇ ಶುರು: "ಬಾಯಿ ಒಣಗ್ಸೋ ಗುಳಿಗೆ ಐತಂತಲ್ಲವ್ವ, ಕೊಟ್ಟುಬಿಡು, ಮುಗೀತು." ಇವರ ಮಗಳು ಬಸುರಿಯಲ್ಲಿ ಬಯಸಿದ್ದೇನೋ ತಿನ್ನಲು ಸಿಗಲಿಲ್ಲವಂತೆ, ಅದಕ್ಕೇ ಮಗು ಹೀಗಂತೆ. ಬಯಕೆ ತೀರದಿದ್ದರೆ ಮಗುವಿನ ಕಿವಿ ಸೋರುತ್ತೆ ಅಂತ ನಮ್ಮ ಕಡೆ ಹೇಳುವುದನ್ನು ಕೇಳಿದ್ದೆ, ಜೊಲ್ಲಿಗೂ ಅದೇ ಕೇಸು ಹಾಕಿದ್ದು ಇದೇ ಮೊದಲು. "ಇಲ್ಲ ಅಜ್ಜಿ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ" ಅಂದೆ. ಪುಟ್ಟನ ಅಮ್ಮ ತಲೆ ತಗ್ಗಿಸಿಕೊಂಡು ಬಿಬ್‌ಗಳನ್ನು ಮತ್ತೆ ಮತ್ತೆ ಮಡಿಸುತ್ತಿದ್ದರು.

ಗುಳಿಗೆಗೆ ಮುಂಚೆ ನೋಡಬೇಕಾದ್ದು ಬಹಳ ಇದೆ. ಮೂಗು ಕಟ್ಟಿ ಬಾಯಲ್ಲೇ ಉಸಿರಾಡುತ್ತಾನಾ? ಅಡಿನಾಯ್ಡ್, ಅಲರ್ಜಿ ಇದ್ದರೆ ಬಾಯಿ ಮುಚ್ಚುವುದಾದರೂ ಹೇಗೆ? ಹಲ್ಲು ಹುಳುಕಾಗಿದೆಯಾ, ಒಸಡು ಊದಿದೆಯಾ? ಹೊಟ್ಟೆಯ ಆಮ್ಲ ಮೇಲಕ್ಕೆ ಬರುತ್ತಿದೆಯಾ? ಮೂರ್ಛೆಗೆ ಕೊಡುವ ಕ್ಲೋನಜೆಪಾಮ್, ನೈಟ್ರಜೆಪಾಮ್ ತರಹದ ಔಷಧಿಗಳಿಂದ ಜೊಲ್ಲು ಹೆಚ್ಚಾಗಿ ಕಾಣಬಹುದು. ಆಗ ಒಂದು ಔಷಧಿಯ ತೊಂದರೆಗೆ ಇನ್ನೊಂದು ಔಷಧಿ ಸೇರಿಸುವ ಬದಲು ಮೊದಲನೆಯದನ್ನೇ ಹೊಂದಿಸಲಾಗುತ್ತದಾ ಅಂತ ಮೂರ್ಛೆಯ ಡಾಕ್ಟರನ್ನು ಕೇಳಬೇಕು (ನೀವಾಗಿಯೇ ನಿಲ್ಲಿಸಬೇಡಿ, ಮೂರ್ಛೆ ಮರುಕಳಿಸೀತು). ಆಮೇಲೆ ಕುರ್ಚಿ. ಕತ್ತು ಬಗ್ಗಿಸಿ ಕೂತರೆ ನಿಮ್ಮ ನನ್ನ ಬಾಯಿಂದಲೂ ಜೊಲ್ಲು ಸುರಿಯುತ್ತೆ, ಬಸ್ಸಿನಲ್ಲಿ ತೂಕಡಿಸಿದವರಿಗೆ ಇದರ ಅನುಭವ ಇದ್ದೇ ಇರುತ್ತೆ! ಪುಟ್ಟನ ಕಂಪ್ಯೂಟರಿನ ಸ್ಕ್ರೀನು ಅವನ ತೊಡೆಯ ಎತ್ತರದಲ್ಲಿತ್ತು. ಅದನ್ನು ಕಣ್ಣಿನ ಮಟ್ಟಕ್ಕೆ ಏರಿಸಿ, ಕುರ್ಚಿಯ ಹಿಂಭಾಗವನ್ನು ಸ್ವಲ್ಪ ವಾಲಿಸಿದ್ದಕ್ಕೇ ಮೂರು ಬಿಬ್ ಕಮ್ಮಿಯಾಯಿತು. ಖರ್ಚು ಸೊನ್ನೆ. ಹಾಗಂತ ತೀರಾ ಹಿಂದಕ್ಕೆ ವಾಲಿಸಿದರೆ ಜೊಲ್ಲು ಗಂಟಲಿಗೆ ಇಳಿಯುತ್ತೆ, ಹುಷಾರು. ಒರೆಸುವಾಗ ಉಜ್ಜಬೇಡಿ, ಮೆತ್ತನೆ ಬಟ್ಟೆಯಿಂದ ಒತ್ತಿ ತೆಗೆಯಿರಿ. ಗದ್ದಕ್ಕೆ ವ್ಯಾಸಲೀನ್ ಹಚ್ಚಿ.

ಈಗ ನನ್ನ ಅಂಗಡಿಯ ಸರಕು: ಬಾಯಿಯ ವ್ಯಾಯಾಮ. ತುಟಿ ಒತ್ತಿಸುವುದು, ಐಸ್ ಮುಟ್ಟಿಸುವುದು, ವೈಬ್ರೇಟ್ ಮಾಡುವ ಬ್ರಷ್ಷು, ಊದುವ ಪೀಪಿ. ಅಪ್ಪ ಅಮ್ಮಂದಿರಿಗೆ ಇದರ ಮೇಲೆ ಬಹಳ ಆಸೆ, ಔಷಧಿಯಲ್ಲವಲ್ಲ ಅಂತ. ನನ್ನ ಕಸುಬನ್ನೇ ಬೈದುಕೊಂಡ ಹಾಗಾದರೂ ಹೇಳಿಬಿಡುತ್ತೇನೆ. 2012ರಲ್ಲಿ ಕಾಕ್ರೇನ್ ಸಂಸ್ಥೆ ಈ ವಿಷಯದ ಎಲ್ಲ ಒಳ್ಳೆಯ ಪ್ರಯೋಗಗಳನ್ನು ಒಟ್ಟುಮಾಡಿ ನೋಡಿತು. ಲೆಕ್ಕಕ್ಕೆ ಸಿಕ್ಕಿದ್ದು ಆರೇ ಆರು, ಅಷ್ಟೂ ಔಷಧಿ ಮತ್ತು ಬೊಟಾಕ್ಸಿನ ಬಗ್ಗೆ. ಸ್ಪೀಚ್ ಥೆರಪಿಯದ್ದು ಒಂದೂ ಇರಲಿಲ್ಲ. ಹಾಗಾದರೆ ಉಪಯೋಗವಿಲ್ಲವೆಂದೇ? ಹಾಗಲ್ಲ. ಹೇಳಿದ್ದು ತಿಳಿಯುವ, ತುಟಿ ಮುಚ್ಚಲು ಅಷ್ಟಿಷ್ಟಾದರೂ ಬರುವ ಮಗುವಿಗೆ 'ಒರೆಸು, ನುಂಗು' ಅನ್ನುವುದನ್ನು ಅಭ್ಯಾಸ ಮಾಡಿಸಿದರೆ ಗುಣ ಕಾಣುವುದನ್ನು ನಾನೇ ನೋಡಿದ್ದೇನೆ. ಆದರೆ ನುಂಗುವ ಸ್ನಾಯುಗಳ ಮೇಲೆ ಹಿಡಿತವೇ ಇಲ್ಲದ ಮಗುವಿಗೆ ದಿನಕ್ಕೆ ನಾಲ್ಕು ಸಲ ತುಟಿ ತಿಕ್ಕಿ ಅಂತ ಹೇಳಿ, ಆರು ತಿಂಗಳಾದ ಮೇಲೆ 'ನೀವು ಮನೇಲಿ ಸರಿಯಾಗಿ ಮಾಡಿಸ್ತಿಲ್ಲ' ಅಂತ ತಾಯಿಯನ್ನೇ ದೂರುವುದು ಅನ್ಯಾಯ. ಪುಟ್ಟನಿಗೆ ನಾನು ವ್ಯಾಯಾಮ ಕೊಡಲಿಲ್ಲ. ಹಾಗೇ ಬಜೆ ತೇಯ್ದು ನಾಲಿಗೆಗೆ ಹಚ್ಚುವುದೂ ಬೇಡ ಅಂತ ಅಜ್ಜಿಗೆ ಹೇಳಿದೆ. ನುಂಗಲು ಕಷ್ಟಪಡುವ ಮಗುವಿನ ಬಾಯಿಗೆ ಇನ್ನಷ್ಟು ಹಾಕುವುದೇಕೆ?

ಇನ್ನು ಅಜ್ಜಿ ಕೇಳಿದ ಗುಳಿಗೆ. ಲಾಲಾರಸ ಗ್ರಂಥಿಗೆ 'ಸುರಿಸು' ಅಂತ ನರಗಳು ಹೇಳುವುದು ಅಸಿಟೈಲ್‌ಕೋಲೀನ್ ಅನ್ನುವ ರಾಸಾಯನಿಕದ ಮೂಲಕ. ಆ ಸಂದೇಶವನ್ನು ತಡೆಯುವ ಔಷಧಿಗಳು ಮನುಷ್ಯನಿಗೆ ಗೊತ್ತಾಗಿದ್ದೇ ಗಿಡಗಳಿಂದ. ಶಿವನಿಗೆ ಏರಿಸುವ ಉಮ್ಮತ್ತಿ ಹೂವಿನ ಗಿಡ ಇದೆಯಲ್ಲ, ದತ್ತೂರಿ, ಅದರಲ್ಲಿ ಹಯೋಸಿನ್ ಇದೆ. ಅದರ ಬೀಜ ತಿಂದವರಿಗೆ ಬಾಯಿ ಒಣಗಿ, ಕಣ್ಣುಪಾಪೆ ಅಗಲವಾಗಿ, ಹುಚ್ಚು ಹಿಡಿದಂತಾಗುವುದು ಇದರಿಂದಲೇ. (ಇದನ್ನು ಓದಿ ಯಾರೂ ಹಿತ್ತಲಿಗೆ ಹೋಗಬೇಡಿ, ದಮ್ಮಯ್ಯ. ಅದು ಪ್ರಾಣ ತೆಗೆಯುವ ವಿಷ.) ಅದೇ ಹಯೋಸಿನ್ನನ್ನು ಅಳತೆ ಮಾಡಿ ಕಿವಿಯ ಹಿಂದೆ ಅಂಟಿಸುವ ಪುಟ್ಟ ಪ್ಯಾಚಿನಲ್ಲಿಟ್ಟಿದ್ದಾರೆ, ಮೂರು ದಿನಕ್ಕೊಂದು. ಅಸಲಿಗೆ ಪ್ರಯಾಣದಲ್ಲಿ ವಾಂತಿ ತಡೆಯಲು ಬಂದದ್ದು. ಜೊಲ್ಲಿಗೆ ಬಳಸುವುದು ಡಾಕ್ಟರರ ಹೊಣೆಗಾರಿಕೆಯ ಮೇಲೆ. ಬಾಯಲ್ಲಿ ಏನೂ ಕೊಡಲಾಗದ ಮಕ್ಕಳಿಗೆ ಅನುಕೂಲ. ಆದರೆ ಇದು ಮಿದುಳಿಗೂ ಹೋಗುತ್ತದೆ, ಮಂಪರು, ಗೊಂದಲ ಬರಬಹುದು. ಅಂಟಿಸಿದ ಜಾಗ ಕೆಂಪಾಗುತ್ತದೆ. ಪ್ಯಾಚ್ ಮುಟ್ಟಿದ ಕೈಯಲ್ಲಿ ಕಣ್ಣುಜ್ಜಿದರೆ ಪಾಪೆ ಅಗಲವಾಗುತ್ತದೆ. ಪ್ಯಾಚಿನಿಂದ ಮೈ ವಿಪರೀತ ಬಿಸಿಯೇರಿ ಜೀವಕ್ಕೇ ಅಪಾಯವಾದ ಕೆಲವು ವರದಿಗಳು ಬಂದದ್ದರಿಂದ 2023ರ ಜುಲೈಯಲ್ಲಿ ಬ್ರಿಟನ್ನಿನ ಔಷಧ ನಿಯಂತ್ರಕರು ಎಚ್ಚರಿಕೆಯನ್ನೂ ಕೊಟ್ಟರು.

ಇನ್ನೊಂದು ಗ್ಲೈಕೋಪೈರೋನಿಯಂ. ಆಪರೇಷನ್ ಹೊತ್ತಿನಲ್ಲಿ ಬಾಯಿ ಒಣಗಿಸಲು ಅರಿವಳಿಕೆ ತಜ್ಞರು ಇಂಜೆಕ್ಷನ್ ಕೊಡುತ್ತಾರಲ್ಲ, ಅದೇ. ಮಿದುಳಿಗೆ ಹೋಗುವುದು ಬಹಳ ಕಮ್ಮಿ, ಇದರ ದೊಡ್ಡ ಗುಣ ಇದೇ. ಮಕ್ಕಳ ಜೊಲ್ಲಿಗೆಂದೇ ದ್ರವರೂಪದಲ್ಲಿ ಅಮೆರಿಕದಲ್ಲಿ 2010ರಲ್ಲಿ, ಯೂರೋಪಿನಲ್ಲಿ 2016ರಲ್ಲಿ ಅನುಮತಿ ಸಿಕ್ಕಿತು, ಎರಡೂ ಕಡೆ ಮೂರು ವರ್ಷ ದಾಟಿದವರಿಗೆ. ಸೆರೆಬ್ರಲ್ ಪಾಲ್ಸಿ ಬಗ್ಗೆ 2017ರಲ್ಲಿ ಇಲ್ಲಿಯ ನೈಸ್ ಸಂಸ್ಥೆ ಕೊಟ್ಟ ಮಾರ್ಗಸೂಚಿಯಲ್ಲಿ ಈ ಎರಡೂ ಇವೆ. ಕೈಕಾಲು ತಾನಾಗಿಯೇ ತಿರುಚಿಕೊಳ್ಳುವ ಬಗೆಯ ಸೆರೆಬ್ರಲ್ ಪಾಲ್ಸಿಯಾದರೆ ಟ್ರೈಹೆಕ್ಸಿಫೆನಿಡಿಲ್ ಕೂಡ, ತಜ್ಞರ ಉಸ್ತುವಾರಿಯಲ್ಲಿ ಮಾತ್ರ. ನಮ್ಮೂರ ಮೆಡಿಕಲ್ ಶಾಪಿನಲ್ಲಿ ಪ್ಯಾಸಿಟೇನ್ ಅಂತ ಸಿಗುವುದು ಇದೇ. ಪ್ಯಾಚ್ ಮತ್ತು ಗ್ಲೈಕೋಪೈರೋನಿಯಂ ಎರಡನ್ನೂ 90 ಮಕ್ಕಳಲ್ಲಿ ಹೋಲಿಸಿ ನೋಡಿದ ಬ್ರಿಟಿಷ್ ಪ್ರಯೋಗವೊಂದು 2018ರಲ್ಲಿ ಪ್ರಕಟವಾಯಿತು. ತಿಂಗಳೊಳಗೆ ಎರಡರಿಂದಲೂ ಜೊಲ್ಲು ಇಳಿಯಿತು. ವರ್ಷದ ಕೊನೆಗೆ ನೋಡಿದರೆ ಗ್ಲೈಕೋಪೈರೋನಿಯಂ ಮುಂದುವರಿಸಿದವರೇ ಹೆಚ್ಚು, ಪ್ಯಾಚ್ ಬಿಟ್ಟವರೇ ಹೆಚ್ಚು.

ಪುಟ್ಟನಿಗೆ ಕೊಟ್ಟದ್ದೂ ಇದನ್ನೇ. ಸಣ್ಣ ಪ್ರಮಾಣದಿಂದ ಶುರುಮಾಡಿ, ವಾರವಾರ ಏರಿಸುತ್ತ. ಊಟದ ಜೊತೆ ಕೊಟ್ಟರೆ ಮೈಗೆ ಹತ್ತುವುದಿಲ್ಲ, ಊಟಕ್ಕೆ ಒಂದು ಗಂಟೆ ಮುಂಚೆ ಇಲ್ಲವೇ ಎರಡು ಗಂಟೆ ಬಿಟ್ಟು ಕೊಡಬೇಕು. ಐದನೇ ವಾರಕ್ಕೆ ಬಿಬ್ ನಾಲ್ಕಕ್ಕೆ ಇಳಿಯಿತು. ಅಜ್ಜಿ ದಾವಣಗೆರೆಯಿಂದ ಫೋನ್ ಮಾಡಿ ಹರಸಿದರು. ಆರನೇ ವಾರ ಅಮ್ಮನ ಫೋನ್, "ಅಕ್ಕಾ, ನಾಲ್ಕು ದಿನದಿಂದ ಕಕ್ಕ ಮಾಡಿಲ್ಲ. ಕಫ ಗೋಂದಿನ ಥರ ಆಗಿದೆ, ರಾತ್ರಿ ಎಳೆದು ಎಳೆದು ಉಸಿರಾಡ್ತಾನೆ."

ನಾನು ಹೇಳಿದ ಬೆಲೆ ಇದೇ. ಗ್ರಂಥಿಗೆ ಹೋಗುವ ಸಂದೇಶವೇ ಕರುಳಿಗೂ, ಮೂತ್ರಕೋಶಕ್ಕೂ, ಬೆವರಿನ ಗ್ರಂಥಿಗೂ ಹೋಗುತ್ತದೆ. ಔಷಧಿ ಅಲ್ಲೆಲ್ಲ ಹೋಗಿ ಬಾಯಿ ಮುಚ್ಚಿಸುತ್ತದೆ. ಮಲಬದ್ಧತೆ, ಮೂತ್ರ ಕಟ್ಟುವುದು, ಮುಖ ಕೆಂಪಾಗುವುದು, ಸಿಡಿಮಿಡಿ. ಮಾತು ಬಾರದ ಮಗು 'ನನಗೆ ಹೊಟ್ಟೆನೋವು' ಅಂತ ಹೇಳುವುದಾದರೂ ಹೇಗೆ? ಬೆವರದಿದ್ದರೆ ಮೈ ತಣಿಯುವುದಿಲ್ಲ. ಇಲ್ಲಿಯ ಚಳಿಯಲ್ಲಿ ಇದು ಗೊತ್ತಾಗದೆ ಹೋಗಬಹುದು, ಏಪ್ರಿಲ್ ರಜೆಗೆ ರಾಯಚೂರಿಗೋ ಬಳ್ಳಾರಿಗೋ ಹೊರಟವರು ಮಾತ್ರ ಟಿಕೆಟ್ ಬುಕ್ ಮಾಡುವ ಮುಂಚೆ ಡಾಕ್ಟರಿಗೆ ತಿಳಿಸಲೇಬೇಕು. ಇನ್ನೊಂದು, ಅಮೆರಿಕದ ಅತ್ತಿಗೆ ಕಳಿಸಿದ ಬಾಟಲಿಯಲ್ಲಿ ಇಲ್ಲಿಯ ಅಳತೆಯಷ್ಟೇ ಮಿಲಿಲೀಟರ್ ಹಾಕಬೇಡಿ. ಒಂದೊಂದು ತಯಾರಿಕೆಯ ಸಾಂದ್ರತೆ ಒಂದೊಂದು ಥರ.

ಪ್ರಮಾಣ ಇಳಿಸಿದೆವು. ಕಫ ಸಡಿಲವಾಯಿತು, ಬಿಬ್ ಎಂಟಕ್ಕೆ ಏರಿತು. ಮುಂದೇನು? ರೂಮಿನಲ್ಲಿ ಐದು ಜನ ದೊಡ್ಡವರು ವಾದಿಸುತ್ತಿದ್ದೆವು. ಅಪ್ಪನಿಗೆ ಇಂಜೆಕ್ಷನ್ ಬೇಕು, ಅಮ್ಮನಿಗೆ ಭಯ. ನಮ್ಮ ಡಾಕ್ಟರು ಪುಟ್ಟನ ಕಡೆ ತಿರುಗಿ, ಇದರಲ್ಲಿ ನಿನಗೆ ಯಾವುದು ಕಷ್ಟ ಅಂತ ಕೇಳಿದರು. ಅವನು ಕಣ್ಣಿನಲ್ಲಿ ಒಂದೊಂದೇ ಪದ ಆರಿಸುತ್ತ ಬಹಳ ಹೊತ್ತು ತೆಗೆದುಕೊಂಡ. ಕಂಪ್ಯೂಟರ್ ಓದಿ ಹೇಳಿತು: ಬಿಬ್ ಪಾಪುದು. ಅಂಗಿ ಒದ್ದೆ ಪರವಾಗಿಲ್ಲ. (ಅವನು ಹೇಳಿದ್ದು ಇಂಗ್ಲಿಷಿನಲ್ಲಿ, ಭಾವಾರ್ಥ ನನ್ನದು.) ಅಮ್ಮ ಬಾಯಿಗೆ ಸೆರಗಿಟ್ಟುಕೊಂಡರು. ನಾವೆಲ್ಲ ಮಿಲಿಲೀಟರ್ ಎಣಿಸುತ್ತಿದ್ದೆವು, ಅವನಿಗೆ ಬೇಡವಾಗಿದ್ದು ಕುತ್ತಿಗೆಯ ಆ ಬಟ್ಟೆ. ಬಿಬ್ ಬದಲು ಕ್ರಿಕೆಟಿಗರ ಥರ ಕುತ್ತಿಗೆಗೆ ಕಟ್ಟುವ ಬಣ್ಣದ ಬಂಡಾನಾ ಬಂತು, ಒಳಗೆ ನೀರು ಹೀರುವ ಪದರ. ಕೈಮಣಿಕಟ್ಟಿಗೆ ಟವೆಲ್ ಪಟ್ಟಿ. ಔಷಧಿ ಕಡಿಮೆ ಪ್ರಮಾಣದಲ್ಲೇ ಉಳಿಯಿತು. ಇಂಜೆಕ್ಷನ್ನನ್ನು ಅವನೇ ಬೇಡವೆಂದ, ಸದ್ಯಕ್ಕೆ.

ಬೇಕು ಅನ್ನುವವರೂ ಇದ್ದಾರೆ, ಅವರಿಗಾಗಿ ಎರಡು ಮಾತು. ಸಿನಿಮಾ ನಟಿಯರ ಸುಕ್ಕು ತೆಗೆಯುವ ಬೊಟಾಕ್ಸ್ ಜಾತಿಯದ್ದೇ ಈ ಇಂಜೆಕ್ಷನ್. ಅಲ್ಟ್ರಾಸೌಂಡಿನಲ್ಲಿ ನೋಡುತ್ತ ಗ್ರಂಥಿಯೊಳಕ್ಕೇ ಚುಚ್ಚುತ್ತಾರೆ. ದವಡೆಯ ಕೆಳಗಿನ ಗ್ರಂಥಿಯನ್ನು ನೆನಪಿಡಿ ಅಂದಿದ್ದೆನಲ್ಲ, ಮುಖ್ಯ ಗುರಿ ಅದೇ. ಮಕ್ಕಳಿಗೆ ಸಾಮಾನ್ಯವಾಗಿ ಅರಿವಳಿಕೆ ಬೇಕಾಗುತ್ತದೆ. ವಾರದಲ್ಲಿ ಗುಣ ಕಾಣಲು ಶುರುವಾಗಿ ಮೂರರಿಂದ ಆರು ತಿಂಗಳು ಇರುತ್ತದೆ, ಆಮೇಲೆ ಮತ್ತೆ ಚುಚ್ಚಬೇಕು. ಎರಡು ವರ್ಷ ದಾಟಿದ ಮಕ್ಕಳ ಜೊಲ್ಲಿಗೆ ಇಂಥ ಒಂದು ಔಷಧಿಗೆ ಅಮೆರಿಕದಲ್ಲಿ 2020ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕಿತು. ಔಷಧಿ ಪಕ್ಕದ ಸ್ನಾಯುಗಳಿಗೆ ಹರಡಿದರೆ ಇದ್ದಬದ್ದ ನುಂಗುವಿಕೆಯೂ ಕೆಡಬಹುದು, ಆದ್ದರಿಂದ ಕೈ ಪಳಗಿದವರೇ ಮಾಡಬೇಕು. ಎಲ್ಲದರ ಕೊನೆಗೆ ಆಪರೇಷನ್: ಗ್ರಂಥಿಯ ನಾಳವನ್ನು ನಾಲಿಗೆಯ ಬುಡಕ್ಕೆ ತಿರುಗಿಸುವುದು, ನಾಳ ಕಟ್ಟುವುದು, ಗ್ರಂಥಿಯನ್ನೇ ತೆಗೆಯುವುದು. ಶ್ವಾಸನಾಳಕ್ಕೆ ಜಾರುವ ಮಗುವಿಗೆ ನಾಳ ಹಿಂದಕ್ಕೆ ತಿರುಗಿಸುವುದು ಸಲ್ಲದು. ಆಪರೇಷನ್ ಆದ ಮೇಲೆ ಹಲ್ಲಿನ ಕಾಳಜಿ ಜೀವನಪೂರ್ತಿ.

ಊರಿಂದ ಫೋನ್ ಮಾಡುವವರು ಕೇಳುವುದು ಎರಡೇ ಪ್ರಶ್ನೆ. ಯಾರ ಹತ್ತಿರ ಹೋಗಬೇಕು? ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಎಲ್ಲರಿಗೂ ಗೊತ್ತು. ಅಷ್ಟು ದೂರ ಆಗದಿದ್ದರೆ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿ ಜಿಲ್ಲಾ ಮಟ್ಟದಲ್ಲಿ ಡಿ.ಇ.ಐ.ಸಿ. ಕೇಂದ್ರಗಳಿವೆ, ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ. ಹೋಗುವಾಗ ಮೂರು ದಿನದ ಬಿಬ್ ಲೆಕ್ಕ, ಈಗ ಕೊಡುತ್ತಿರುವ ಔಷಧಿಗಳ ಚೀಟಿ, ಮಗು ಊಟ ಮಾಡುವ ಮೊಬೈಲ್ ವಿಡಿಯೋ ಜೊತೆಗಿರಲಿ.

ಎರಡನೆಯದು, ಎಷ್ಟು ವಯಸ್ಸಿನವರೆಗೆ ಕಾಯಬಹುದು? ಒಂದೂವರೆ ವರ್ಷದವರೆಗೆ ಯಾವ ಮಗುವೂ ಸುರಿಸುತ್ತದೆ. ನಾಲ್ಕು ದಾಟಿದ ಮೇಲೂ ಎಚ್ಚರವಿದ್ದಾಗ ಸುರಿಯುತ್ತಿದ್ದರೆ ತೋರಿಸಬೇಕು. ಸೆರೆಬ್ರಲ್ ಪಾಲ್ಸಿ ಮಕ್ಕಳಲ್ಲಿ ಕೆಲವರಿಗೆ ಆರು ವರ್ಷದ ಹೊತ್ತಿಗೆ ತಾನಾಗಿಯೇ ಸುಧಾರಿಸುವುದುಂಟು, ಅದಕ್ಕೇ ಆಪರೇಷನ್ ಮಾತನ್ನು ಅಲ್ಲಿಯವರೆಗೆ ಮುಂದೂಡುತ್ತಾರೆ. ಕುರ್ಚಿ, ಮೂಗು, ಹಲ್ಲು ನೋಡಿಸಲು ಮಾತ್ರ ಕಾಯಬೇಡಿ. ಪದೇ ಪದೇ ಎದೆಗಟ್ಟಿ ಜ್ವರ ಬರುತ್ತಿದ್ದರೆ ವಯಸ್ಸು ಎಷ್ಟೇ ಇರಲಿ ಈಗಲೇ ಹೊರಡಿ. ಇಷ್ಟು ದಿನ ಇಲ್ಲದ ಜೊಲ್ಲು ದಿಢೀರನೆ ಶುರುವಾಗಿ, ಜ್ವರವಿದ್ದು, ಉಸಿರಾಡಲು ಕಷ್ಟಪಡುತ್ತಿದ್ದರೆ ಅದು ಈ ಕ್ಲಿನಿಕ್ಕಿನ ಕೇಸೇ ಅಲ್ಲ. ಮಲಗಿಸದೆ ಕೂರಿಸಿಕೊಂಡೇ ಎಮರ್ಜೆನ್ಸಿಗೆ ಕರೆದೊಯ್ಯಿರಿ.